ಮನೆಯಲ್ಲೇ ತೋಟಾ ಮರುತುಂಬಲು ಯಾವ ಸಲಕರಣೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಗುರಿ ಅಭ್ಯಾಸ ಮಾಡುವವರು ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆಯನ್ನು ಆರಿಸಿ ಚೀಲಕ್ಕೆ ಹಾಕಿಕೊಳ್ಳಲು ಶುರುಮಾಡಿದರೆಂದರೆ ಮುಂದಿನ ಹೆಜ್ಜೆ ಬಹುಮಟ್ಟಿಗೆ ಇದೇ. ಮರುತುಂಬುವಿಕೆ, ಅಂದರೆ ರೀಲೋಡಿಂಗ್, ತಾಳ್ಮೆಯ ಕೆಲಸ. ಹೊಸಬರು ಕೇಳುವ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಹಿಡಿಕೆ ಎಳೆದು ಹಿತ್ತಾಳೆಯನ್ನು ಒತ್ತುವ ಪ್ರೆಸ್ ಯಂತ್ರದ ಬಗ್ಗೆ. ನನ್ನ ಅಭಿಪ್ರಾಯ ಬೇರೆ. ನೀವು ಮಾಡುವ ತಪ್ಪು ನಿಮ್ಮ ಕಣ್ಣಿಗೆ ಬೀಳುವಂತೆ ಮಾಡುವ ಸಲಕರಣೆಗೆ ಮೊದಲು ಹಣ ಹಾಕಿ, ವೇಗ ಕೊಡುವ ಸಲಕರಣೆ ಆಮೇಲೆ ಬರಲಿ. ಕೆಳಗಿನ ಉತ್ತರಗಳನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮರುತುಂಬುವುದು ಎಂದರೆ ನಿಖರವಾಗಿ ಏನು?

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಕೂರುವ ಗುಂಡು. ಹಳೆಯ ಕೋವಿಗಳಲ್ಲಿ ಕೇಪು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಪ್ರೈಮರ್ ಮಾಡುತ್ತದೆ. ಹಾರಿಸಿದ ಮೇಲೆ ಪ್ರೈಮರ್ ಸತ್ತಿರುತ್ತದೆ, ಮದ್ದು ಉರಿದಿರುತ್ತದೆ, ಗುಂಡು ಗುರಿಯ ಹಿಂದಿನ ಮಣ್ಣಿನಲ್ಲಿರುತ್ತದೆ. ಉಳಿಯುವುದು ಕೇಸ್ ಒಂದೇ. ನಾಲ್ಕರಲ್ಲಿ ತಯಾರಿಸಲು ಹೆಚ್ಚು ಖರ್ಚು ತಗಲುವ ಭಾಗವೂ ಸಾಮಾನ್ಯವಾಗಿ ಅದೇ.

ಹಾರಿಸುವಾಗ ಒತ್ತಡಕ್ಕೆ ಕೇಸ್ ಉಬ್ಬಿ ಚೇಂಬರಿನ, ಅಂದರೆ ಕೋವಿಯಲ್ಲಿ ತೋಟಾ ಕೂರುವ ಕೋಣೆಯ, ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಕುಗ್ಗಿದರೂ ಮೂಲ ಅಳತೆಗೆ ಮರಳುವುದಿಲ್ಲ. ಆದ್ದರಿಂದ ಕೆಲಸದ ಕ್ರಮ ಹೀಗೆ: ಕೇಸನ್ನು ಶುಚಿಮಾಡಿ ಪರೀಕ್ಷಿಸುವುದು, ಸತ್ತ ಪ್ರೈಮರನ್ನು ಹೊರದೂಡುವುದು, ಕೇಸನ್ನು ಒತ್ತಿ ಅಳತೆಗೆ ತರುವುದು, ಉದ್ದ ಹೆಚ್ಚಿದ್ದರೆ ಕತ್ತರಿಸುವುದು, ಹೊಸ ಪ್ರೈಮರ್ ಕೂರಿಸುವುದು, ಮದ್ದು ತೂಗಿ ಹಾಕುವುದು, ಗುಂಡು ಕೂರಿಸುವುದು, ಅಗತ್ಯವಿದ್ದರೆ ಬಾಯಿಯನ್ನು ಬಿಗಿಸುವುದು. ನೀವು ಕೊಳ್ಳುವ ಪ್ರತಿಯೊಂದು ಸಲಕರಣೆಯೂ ಇವುಗಳಲ್ಲಿ ಯಾವುದೋ ಒಂದು ಹಂತಕ್ಕೆ ಸೇರಿದ್ದು. ಯಾವ ಹಂತಕ್ಕೆ ಎಂದು ನಿಮಗೇ ಹೇಳಲಾಗದ ವಸ್ತುವನ್ನು ಸದ್ಯಕ್ಕೆ ಕೊಳ್ಳಬೇಡಿ.

ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ?

ದೇಶದಿಂದ ದೇಶಕ್ಕೆ ನಿಯಮ ಬೇರೆ. ಕೆಲವೆಡೆ ಇದು ಸಾಮಾನ್ಯ ಹವ್ಯಾಸ. ಕೆಲವೆಡೆ ಕೋವಿಯ ಪರವಾನಗಿಯ ಜೊತೆಗೆ ಮದ್ದು, ಪ್ರೈಮರ್ ಇಟ್ಟುಕೊಳ್ಳಲು ಬೇರೆಯೇ ಅನುಮತಿ ಬೇಕು. ಇನ್ನು ಕೆಲವೆಡೆ ತೋಟಾ ಮರುತುಂಬುವುದನ್ನು ಪರವಾನಗಿ ಇಲ್ಲದ ಮದ್ದುಗುಂಡು ತಯಾರಿಕೆ ಎಂದೇ ಪರಿಗಣಿಸುತ್ತಾರೆ, ಶಿಕ್ಷೆಯೂ ಕಠಿಣ. ಪರವಾನಗಿ ಕೊಟ್ಟ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಉತ್ತರ ಪಡೆದು, ಆಮೇಲೆ ಸಲಕರಣೆಯ ಮಾತು ಎತ್ತಿ. ಗುರಿ ಕ್ಲಬ್ಬಿನ ಗೆಳೆಯ ಹೇಳಿದ್ದು ಸಾಕ್ಷಿಯಾಗುವುದಿಲ್ಲ. ಮನೆ ವಿಮೆ ಇರುವವರು ಆ ಷರತ್ತುಗಳನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಎಲ್ಲ ಖಾಲಿ ತೋಟಾಗಳನ್ನೂ ಮರುತುಂಬಬಹುದೇ?

ಇಲ್ಲ. .22 ಎಲ್‌ಆರ್ ತರಹದ ರಿಮ್‌ಫೈರ್ ತೋಟಾಗಳಲ್ಲಿ ಸ್ಫೋಟಕ ದ್ರವ್ಯ ಬುಡದ ಅಂಚಿನೊಳಗೇ ಇರುತ್ತದೆ, ಹಾರಿಸಿದಾಗ ಅಂಚು ಜಜ್ಜಿ ಹೋಗುತ್ತದೆ. ಅವುಗಳನ್ನು ಮರೆತುಬಿಡಿ. ಬುಡದ ನಡುವೆ ಪ್ರೈಮರ್ ಇರುವ ಸೆಂಟರ್‌ಫೈರ್ ತೋಟಾಗಳು ಮಾತ್ರ ಈ ಕೆಲಸಕ್ಕೆ ಸಲ್ಲುತ್ತವೆ. ಅವುಗಳಲ್ಲಿಯೂ ಉಕ್ಕಿನ, ಅಲ್ಯೂಮಿನಿಯಂನ ಕೇಸ್‌ಗಳನ್ನು ಹೊಸಬರು ಬದಿಗಿಡಬೇಕು.

ಹಿತ್ತಾಳೆಯಲ್ಲೂ ಎರಡು ಬಗೆಗಳಿವೆ. ಬಾಕ್ಸರ್ ಮಾದರಿಯ ಕೇಸ್‌ನ ಬಾಯಿಂದ ಇಣುಕಿದರೆ ತಳದ ನಡುವೆ ಒಂದೇ ತೂತು ಕಾಣುತ್ತದೆ. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಪಕ್ಕಪಕ್ಕ ಎರಡು ಸಣ್ಣ ತೂತುಗಳು. ಕೇಸ್ ಒತ್ತುವ ಉಕ್ಕಿನ ಅಚ್ಚಿನಲ್ಲಿ, ಅಂದರೆ ಡೈಯಲ್ಲಿ, ಪ್ರೈಮರ್ ಹೊರದೂಡುವ ಕಡ್ಡಿ ನಡುವಿನ ತೂತನ್ನೇ ನಂಬಿಕೊಂಡಿರುವುದರಿಂದ ಬರ್ಡನ್ ಕೇಸ್ ಸಿಕ್ಕಿದರೆ ಕಡ್ಡಿ ಬಾಗುತ್ತದೆ ಅಥವಾ ಮುರಿಯುತ್ತದೆ. ಎರಡೂ 1860ರ ದಶಕದ ಆವಿಷ್ಕಾರಗಳು. ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕದವನು. ಕಡೆಗೆ ಬಾಕ್ಸರ್ ಮಾದರಿ ಅಮೆರಿಕದಲ್ಲಿ ನೆಲೆನಿಂತಿತು, ಬರ್ಡನ್ ಮಾದರಿ ಯುರೋಪು ಮುಂತಾದ ಕಡೆಗಳಿಗೆ ಹೋಯಿತು. ಮನೆಯಲ್ಲಿ ಮರುತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಹುಲುಸಾಗಿ ಬೆಳೆಯಲು ಈ ಒಂದು ತೂತಿನ ಪಾಲೂ ಇದೆ ಎಂದು ನನಗೆ ಅನ್ನಿಸುತ್ತದೆ.

ಸೈನ್ಯದ ಬಳಕೆಗೆಂದು ತಯಾರಾದ ಕೇಸ್‌ಗಳಲ್ಲಿ ಪ್ರೈಮರ್ ಸುತ್ತ ಲೋಹವನ್ನು ಒತ್ತಿ ಬಿಗಿಮಾಡಿರುತ್ತಾರೆ. ಆ ಅಂಚನ್ನು ಒಮ್ಮೆ ಸರಿಪಡಿಸದಿದ್ದರೆ ಹೊಸ ಪ್ರೈಮರ್ ಒಳಗೆ ಹೋಗದೆ ನುಗ್ಗಾಗುತ್ತದೆ. ಇದಕ್ಕೆ ಬೇರೆಯೇ ಸಾಧನ ಬೇಕು. ಆರಂಭದಲ್ಲಿ ಇಂಥ ಕೇಸ್‌ಗಳ ಗೋಜು ಬೇಡ.

ಹಾಗಾದರೆ ಮೊದಲು ಕೊಳ್ಳಬೇಕಾದದ್ದು ಏನು?

ಕೈಪಿಡಿ. ಮದ್ದು ಅಥವಾ ಗುಂಡು ತಯಾರಿಸುವ ಕಂಪನಿ ಪ್ರಕಟಿಸಿದ, ಇತ್ತೀಚಿನ ಆವೃತ್ತಿಯ ಕೈಪಿಡಿ. ಸಾಧ್ಯವಾದರೆ ಎರಡು ಬೇರೆ ಬೇರೆ ಕಂಪನಿಗಳದ್ದು ಇರಲಿ, ಒಂದರ ಅಂಕಿಯನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು. ಯಾವ ತೋಟಾಕ್ಕೆ ಯಾವ ತೂಕದ ಗುಂಡು, ಯಾವ ಮದ್ದು, ಆರಂಭದ ಅಳತೆ ಎಷ್ಟು, ದಾಟಬಾರದ ಗರಿಷ್ಠ ಎಷ್ಟು, ತೋಟಾದ ಒಟ್ಟು ಉದ್ದ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಒತ್ತಡ ಅಳೆಯುವ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕೊಟ್ಟ ಅಂಕಿಗಳು ಅವು. ಈ ಪುಟದಲ್ಲಿ ಒಂದೇ ಒಂದು ಮದ್ದಿನ ಅಳತೆಯನ್ನೂ ನಾನು ಕೊಟ್ಟಿಲ್ಲ. ಬೇರೆಯವರು ಬಾಯಿಮಾತಿನಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಕೈಪಿಡಿಯನ್ನು ಮೊದಲೇ ಓದುವುದರಿಂದ ಇನ್ನೊಂದು ಲಾಭವಿದೆ. ಮೊದಲ ಕೆಲವು ಅಧ್ಯಾಯಗಳು ಮುಗಿಯುವಷ್ಟರಲ್ಲಿ ಕೊಳ್ಳಬೇಕೆಂದುಕೊಂಡಿದ್ದ ಅರ್ಧ ಸಾಮಾನು ಬೇಡವಾಗುತ್ತದೆ.

ಸಿಂಗಲ್ ಸ್ಟೇಜ್, ಟರೆಟ್, ಪ್ರೋಗ್ರೆಸಿವ್: ಯಾವ ಪ್ರೆಸ್ ಒಳ್ಳೆಯದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಹಾಗಾಗಿ ವಿವರವಾಗಿಯೇ ಹೇಳುತ್ತೇನೆ.

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ, ಒಂದೇ ಕೇಸ್. ಐವತ್ತು ಕೇಸ್ ಇದ್ದರೆ ಐವತ್ತನ್ನೂ ಮೊದಲು ಅಳತೆಗೆ ತರುತ್ತೀರಿ, ಡೈ ಬದಲಿಸುತ್ತೀರಿ, ಐವತ್ತಕ್ಕೂ ಮುಂದಿನ ಹಂತ. ಗಂಟೆಗೆ ಐವತ್ತರ ಆಸುಪಾಸು ತೋಟಾ ತಯಾರಾದರೆ ಅದು ಒಳ್ಳೆಯ ವೇಗ. ಟರೆಟ್ ಪ್ರೆಸ್‌ನ ತಲೆಯಲ್ಲಿ ನಾಲ್ಕು ಅಥವಾ ಹೆಚ್ಚು ಡೈಗಳು ಕೂತಿರುತ್ತವೆ. ಕೇಸ್ ಇದ್ದಲ್ಲೇ ಇರುತ್ತದೆ, ತಲೆ ತಿರುಗುತ್ತದೆ. ಇದರಲ್ಲಿ ಗಂಟೆಗೆ ನೂರೈವತ್ತು ಕಷ್ಟವಲ್ಲ. ಪ್ರೋಗ್ರೆಸಿವ್‌ನಲ್ಲಿ ಡೈಗಳು ನಿಂತಿರುತ್ತವೆ, ತಟ್ಟೆಯ ಮೇಲೆ ಕೂತ ಕೇಸ್‌ಗಳು ಒಂದರ ಹಿಂದೆ ಒಂದು ಸುತ್ತುತ್ತವೆ. ಹಿಡಿಕೆಯನ್ನು ಒಮ್ಮೆ ಎಳೆದರೆ ಒಂದು ಕೇಸ್‌ನ ಪ್ರೈಮರ್ ಹೊರಬರುತ್ತದೆ, ಇನ್ನೊಂದಕ್ಕೆ ಮದ್ದು ಬೀಳುತ್ತದೆ, ಮತ್ತೊಂದರಲ್ಲಿ ಗುಂಡು ಕೂರುತ್ತದೆ. ಪ್ರತಿ ಎಳೆತಕ್ಕೂ ಒಂದು ಪೂರ್ಣ ತೋಟಾ. ಗಂಟೆಗೆ ನಾನೂರು, ಐನೂರು ಎಂದು ತಯಾರಕರು ಹೇಳುವುದು ಸುಳ್ಳಲ್ಲ.

ಆದರೆ ಆ ಒಂದು ಎಳೆತದಲ್ಲಿ ನಾಲ್ಕೈದು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ. ನಿಮಗಿರುವುದು ಎರಡೇ ಕಣ್ಣು. ಪ್ರೈಮರ್ ಸರಿಯಾಗಿ ಕೂತಾಗ ಹಿಡಿಕೆಯಲ್ಲಿ ಕೈಗೆ ತಗಲುವ ಆ ಸಣ್ಣ ಅಡ್ಡಿ, ಅಳತೆ ಡೈಯೊಳಗೆ ಸೀಳು ಬಿಟ್ಟ ಕೇಸ್ ಹೋದಾಗ ಸಿಗುವ ಪೊಳ್ಳು ಸ್ಪರ್ಶ, ಇವು ಪ್ರೋಗ್ರೆಸಿವ್‌ನಲ್ಲಿ ಒಂದರೊಳಗೊಂದು ಕಲಸಿ ಹೋಗುತ್ತವೆ. ಅನುಭವ ಇದ್ದವರ ಕೈ ಆ ವ್ಯತ್ಯಾಸವನ್ನು ಬೇರ್ಪಡಿಸಿ ಗುರುತಿಸುತ್ತದೆ. ಹೊಸಬರ ಕೈಗೆ ಇನ್ನೂ ಆ ಭಾಷೆ ಬಂದಿರುವುದಿಲ್ಲ. ಸಿಂಗಲ್ ಸ್ಟೇಜ್‌ನಲ್ಲಿ ಒಂದೊಂದೇ ಹಂತವನ್ನು ಐವತ್ತು ಸಲ ಮಾಡುವುದು ಬೇಸರ ತರಿಸಬಹುದು. ಆ ಭಾಷೆ ಕಲಿಯುವುದು ಮಾತ್ರ ಅಲ್ಲಿಯೇ.

ರೈಫಲ್‌ಗೆ, ಅದರಲ್ಲೂ ಬೇಟೆಗೋ ದೂರದ ಗುರಿಗೋ ತಿಂಗಳಿಗೆ ನೂರು ತೋಟಾ ಸಾಕೆನ್ನುವವರಿಗೆ ಸಿಂಗಲ್ ಸ್ಟೇಜ್ ಬಿಟ್ಟು ಬೇರೆ ಯೋಚನೆಯೇ ಬೇಡ. ಪಿಸ್ತೂಲಿನಲ್ಲಿ ವಾರಕ್ಕೆ ನೂರಿನ್ನೂರು ಹಾರಿಸುವವರು ಟರೆಟ್ ಕೊಳ್ಳಬಹುದು. ತಲೆ ತಿರುಗದಂತೆ ನಿಲ್ಲಿಸಿ ಅದನ್ನೇ ಸಿಂಗಲ್ ಸ್ಟೇಜ್‌ನಂತೆ ಬಳಸಿ ಕಲಿಯಲೂ ಸಾಧ್ಯ. ಸ್ಪರ್ಧೆಗಳಿಗೆ ಹೋಗುವವರಿಗೆ, ವಾರಕ್ಕೆ ಐನೂರು ಬೇಕಾದವರಿಗೆ ಕೊನೆಗೆ ಪ್ರೋಗ್ರೆಸಿವ್ ಬೇಕೇ ಬೇಕು. ಅವರೂ ಮೊದಲ ಸಾವಿರ ತೋಟಾಗಳನ್ನು ನಿಧಾನವಾದ ಯಂತ್ರದಲ್ಲಿ ಮಾಡಲಿ ಎಂಬುದು ನನ್ನ ಹಟ. ಪ್ರೋಗ್ರೆಸಿವ್ ಬಂದ ಮೇಲೆ ಹಳೆಯ ಸಿಂಗಲ್ ಸ್ಟೇಜ್ ಮೂಲೆಗೆ ಬೀಳುವುದಿಲ್ಲ. ಪ್ರೈಮರ್ ಹೊರದೂಡಲು, ತಪ್ಪಾದ ತೋಟಾ ಬಿಚ್ಚಲು, ಸಣ್ಣ ಪ್ರಯೋಗಗಳಿಗೆ ಅದೇ ಬೇಕಾಗುತ್ತದೆ.

ಪ್ರೆಸ್‌ನ ಚೌಕಟ್ಟು, ಲೋಹ, ಬ್ರ್ಯಾಂಡ್ ಮುಖ್ಯವೇ?

ಮುಂಭಾಗ ತೆರೆದಿರುವ ಸಿ ಆಕಾರದ ಚೌಕಟ್ಟಿನಲ್ಲಿ ಕೈಯಾಡಿಸಲು ಜಾಗ ಹೆಚ್ಚು. ಸುತ್ತ ಮುಚ್ಚಿದ ಓ ಆಕಾರದ ಎರಕದ ಕಬ್ಬಿಣದ ಚೌಕಟ್ಟು ಒತ್ತಡಕ್ಕೆ ಕಡಿಮೆ ಬಾಗುತ್ತದೆ. ದೊಡ್ಡ ರೈಫಲ್ ಕೇಸ್‌ಗಳನ್ನು ಒತ್ತುವವರು ಓ ಆಕಾರವನ್ನೇ ಆರಿಸಿಕೊಳ್ಳಿ. ಪಿಸ್ತೂಲಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಹಗುರ ಪ್ರೆಸ್ ಸಾಕು.

ಲೀ, ಆರ್‌ಸಿಬಿಎಸ್, ಹಾರ್ನಡಿ, ಲೈಮನ್, ರೆಡ್ಡಿಂಗ್, ಡಿಲನ್ ಎಲ್ಲವೂ ದಶಕಗಳಿಂದ ಇರುವ ಹೆಸರುಗಳು. ಅಗ್ಗ, ತುಟ್ಟಿ ಎಂಬ ವ್ಯತ್ಯಾಸ ತೋಟಾದ ಗುಣಮಟ್ಟಕ್ಕಿಂತ ಹೆಚ್ಚಾಗಿ ಪ್ರೆಸ್‌ನ ಬಾಳಿಕೆಯಲ್ಲಿ, ಹಿಡಿಕೆಯ ನಯದಲ್ಲಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಡೈ ಕೂರುವ ತಿರುಪಿನ ಅಳತೆ. 7/8 ಅಂಗುಲ ವ್ಯಾಸ, ಅಂಗುಲಕ್ಕೆ 14 ಸುತ್ತು ಎಂಬುದು ಇಡೀ ಕ್ಷೇತ್ರ ಒಪ್ಪಿಕೊಂಡ ಮಾನಕ. ಇದು ಇದ್ದರೆ ಒಂದು ಕಂಪನಿಯ ಡೈಯನ್ನು ಇನ್ನೊಂದರ ಪ್ರೆಸ್‌ಗೆ ಹಾಕಬಹುದು. ತನ್ನದೇ ಡೈ ಮಾತ್ರ ಒಪ್ಪುವ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಹೊಸಬರಿಗೆ ಬೇಡ. ಬಿಡಿಭಾಗ ಹತ್ತು ವರ್ಷದ ನಂತರವೂ ಸಿಗುತ್ತದೆಯೇ ಎಂದೂ ವಿಚಾರಿಸಿ.

ಡೈಗಳಲ್ಲಿ ಯಾವುದನ್ನು ಆರಿಸಬೇಕು?

ಡೈ ಎಂದರೆ ನಿರ್ದಿಷ್ಟ ತೋಟಾದ ಅಳತೆಗೆ ಒಳಗೆ ಕೊರೆದ ಉಕ್ಕಿನ ಕೊಳವೆ. ಪ್ರತಿ ಬಗೆಯ ತೋಟಾಕ್ಕೂ ಬೇರೆ ಸೆಟ್ ಬೇಕು. ಜೊತೆಗೆ ಕೇಸ್‌ನ ಬುಡವನ್ನು ಹಿಡಿದುಕೊಳ್ಳುವ ಶೆಲ್ ಹೋಲ್ಡರ್. ಕೆಲವು ಸೆಟ್‌ಗಳಲ್ಲಿ ಅದು ಸೇರಿರುತ್ತದೆ, ಕೆಲವದರಲ್ಲಿ ಇಲ್ಲ.

ಹೆಗಲು, ಕತ್ತು ಇರುವ ಬಾಟಲಿ ಆಕಾರದ ರೈಫಲ್ ಕೇಸ್‌ಗಳಿಗೆ ಸಾಮಾನ್ಯವಾಗಿ ಎರಡು ಡೈಗಳ ಸೆಟ್: ಒಂದು ಅಳತೆಗೆ ತಂದು ಪ್ರೈಮರ್ ದೂಡುತ್ತದೆ, ಇನ್ನೊಂದು ಗುಂಡು ಕೂರಿಸುತ್ತದೆ. ನೇರ ಗೋಡೆಯ ಪಿಸ್ತೂಲು ಕೇಸ್‌ಗಳಿಗೆ ಮೂರು ಡೈ. ನಡುವಿನದು ಕೇಸ್‌ನ ಬಾಯಿಯನ್ನು ತುಸು ಅರಳಿಸುತ್ತದೆ, ಇಲ್ಲದಿದ್ದರೆ ಗುಂಡು ಕೂರುವಾಗ ಬಾಯಂಚಿಗೆ ಕೆರೆದುಕೊಳ್ಳುತ್ತದೆ. ಬಾಯಿ ಬಿಗಿಸಲೆಂದೇ ನಾಲ್ಕನೆಯ ಡೈ ಇರುವ ಸೆಟ್ ಸಿಕ್ಕರೆ ತೆಗೆದುಕೊಳ್ಳಿ. ಗುಂಡು ಕೂರಿಸುವುದು, ಬಿಗಿಸುವುದು ಎರಡನ್ನೂ ಒಂದೇ ಡೈಯಲ್ಲಿ ಹೊಂದಿಸುವುದು ಹೊಸಬರಿಗೆ ತಲೆನೋವು.

ಬಿಗಿಸುವುದರಲ್ಲೂ ಭೇದವಿದೆ. 9 ಎಂಎಂ ತರಹದ ಸ್ವಯಂಚಾಲಿತ ಪಿಸ್ತೂಲಿನ ತೋಟಾ ಚೇಂಬರಿನಲ್ಲಿ ತನ್ನ ಬಾಯಂಚಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ಅಂಚನ್ನು ಒಳಕ್ಕೆ ಮಡಿಸುವಂತಿಲ್ಲ, ಅರಳಿಸಿದ್ದನ್ನು ನೇರಮಾಡುವ ಟೇಪರ್ ಕ್ರಿಂಪ್ ಬೇಕು. .38 ಸ್ಪೆಷಲ್ ತರಹದ ರಿವಾಲ್ವರ್ ತೋಟಾಕ್ಕೆ ಬುಡದಲ್ಲಿ ಅಂಚಿದೆ, ಅದು ಅಂಚಿನ ಮೇಲೆ ನಿಲ್ಲುತ್ತದೆ. ಅಲ್ಲಿ ಗುಂಡಿನ ತೋಡಿನೊಳಕ್ಕೆ ಬಾಯನ್ನು ಮಡಿಸುವ ರೋಲ್ ಕ್ರಿಂಪ್ ಹಾಕುತ್ತಾರೆ, ಇಲ್ಲದಿದ್ದರೆ ಪಕ್ಕದ ಕೋಣೆ ಹಾರಿದ ಹೊಡೆತಕ್ಕೆ ಗುಂಡು ಮುಂದೆ ಜರುಗುತ್ತದೆ.

ಪಿಸ್ತೂಲಿಗೆ ಕಾರ್ಬೈಡ್ ಡೈ ಕೊಳ್ಳಿ. ಒಳಗೆ ಟಂಗ್‌ಸ್ಟನ್ ಕಾರ್ಬೈಡ್ ಬಳೆ ಇರುವುದರಿಂದ ಎಣ್ಣೆ ಹಚ್ಚದೆ ಕೇಸ್ ಒತ್ತಬಹುದು. ಇದಕ್ಕೆ ಕೊಡುವ ಹೆಚ್ಚಿನ ಹಣ ಮೊದಲ ವಾರದಲ್ಲೇ ಸಾರ್ಥಕವೆನಿಸುತ್ತದೆ. ಬಾಟಲಿ ಆಕಾರದ ರೈಫಲ್ ಕೇಸ್‌ಗೆ ಮಾತ್ರ ಯಾವ ಡೈ ಆದರೂ ಎಣ್ಣೆ ಅಥವಾ ಮೇಣ ಬೇಕೇ ಬೇಕು. ಹಚ್ಚದೆ ಒತ್ತಿದರೆ ಕೇಸ್ ಡೈಯೊಳಗೆ ಸಿಕ್ಕಿಕೊಂಡು, ಹಿಡಿಕೆ ಎಳೆದಾಗ ಬುಡದ ಅಂಚು ಕಿತ್ತು ಬರುತ್ತದೆ. ಹೆಚ್ಚು ಹಚ್ಚಿದರೆ ಹೆಗಲಿನ ಮೇಲೆ ಎಣ್ಣೆ ನಿಂತು ತಗ್ಗು ಬೀಳುತ್ತದೆ. ನನ್ನ ಮೊದಲ ರೈಫಲ್ ಕೇಸ್‌ಗಳಲ್ಲಿ ಮೂರನೆಯದೇ ಸಿಕ್ಕಿಕೊಂಡಿತ್ತು. ಸಿಕ್ಕಿದ ಕೇಸ್ ತೆಗೆಯುವ ಸಾಧನ ಸಣ್ಣದು, ಅಗ್ಗದ್ದು. ರೈಫಲ್‌ಗೆ ತುಂಬುವವರು ಡೈ ಜೊತೆಗೇ ಅದನ್ನೂ ಕೊಂಡಿಡಿ.

ಕತ್ತನ್ನು ಮಾತ್ರ ಒತ್ತುವ ಡೈ ಒಳ್ಳೆಯದು ಎನ್ನುತ್ತಾರಲ್ಲ?

ಒಂದೇ ರೈಫಲಿನಲ್ಲಿ ಹಾರಿಸಿದ ಕೇಸನ್ನು ಅದೇ ರೈಫಲಿಗೆ ತುಂಬುವುದಾದರೆ ಅದಕ್ಕೆ ಅರ್ಥವಿದೆ. ಆರಂಭಕ್ಕೆ ಪೂರ್ತಿ ಉದ್ದ ಒತ್ತುವ ಡೈಯೇ ಇರಲಿ. ತೋಟಾ ಚೇಂಬರಿಗೆ ನಿಸ್ಸಂದೇಹವಾಗಿ ಹೋಗುವುದು ಮುಖ್ಯ. ಆದರೆ ಡೈಯನ್ನು ಅತಿಯಾಗಿ ಕೆಳಗಿಳಿಸಿ ಹೆಗಲನ್ನು ಬೇಕಾದ್ದಕ್ಕಿಂತ ಹಿಂದೆ ತಳ್ಳಿದರೆ ಪ್ರತಿ ಸಲ ಹಾರಿಸಿದಾಗಲೂ ಕೇಸ್ ಬುಡದ ಬಳಿ ಹಿಗ್ಗಿ ತೆಳುವಾಗುತ್ತದೆ. ಬುಡದ ಮೇಲೆ ಹೊಳೆಯುವ ಉಂಗುರದ ಗೆರೆ ಕಂಡರೆ ಆ ಕೇಸನ್ನು ಜಜ್ಜಿ ಬಿಸಾಡಿ. ಮುಂದಿನ ಸಲ ಅದು ಎರಡು ತುಂಡಾಗಬಹುದು.

ತಕ್ಕಡಿ ಯಾವುದು? ಡಿಜಿಟಲ್ಲೋ, ತೋಳಿನದೋ?

ನನ್ನ ಮಟ್ಟಿಗೆ ಇಡೀ ಮೇಜಿನ ಮೇಲಿನ ಅತಿ ಮುಖ್ಯ ವಸ್ತು ಇದೇ. ಪ್ರೆಸ್ ಕೆಟ್ಟರೆ ಕೆಲಸ ನಿಲ್ಲುತ್ತದೆ. ತಕ್ಕಡಿ ಸುಳ್ಳು ಹೇಳಿದರೆ ಕೆಲಸ ನಿಲ್ಲುವುದಿಲ್ಲ, ಅದೇ ಅಪಾಯ.

ಮದ್ದನ್ನು ಗ್ರೇನ್ ಎಂಬ ಮಾನದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು 15.43 ಗ್ರೇನ್. ಅಂದರೆ ಒಂದು ಗ್ರೇನ್ ಸರಿಸುಮಾರು 65 ಮಿಲಿಗ್ರಾಂ. ನಮಗೆ ಬೇಕಾದದ್ದು ಗ್ರೇನಿನ ಹತ್ತನೇ ಒಂದು ಭಾಗದ ನಿಖರತೆ, ಅಂದರೆ ಆರೂವರೆ ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ಗ್ರಾಂ ಮತ್ತು ಗ್ರೇನ್ ಎರಡನ್ನೂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ಸಲ ಯಾವ ಮಾನ ಬೆಳಗುತ್ತಿದೆ ಎಂದು ಓದುವ ಅಭ್ಯಾಸ ಮಾಡಿಕೊಳ್ಳಿ.

ತೋಳಿನ ತಕ್ಕಡಿ ನಿಧಾನ. ಆದರೆ ವಿದ್ಯುತ್ ಬೇಡ, ಗುರುತ್ವವನ್ನಷ್ಟೇ ನಂಬಿದೆ. ಧೂಳಿನಿಂದ ಕಾಪಾಡಿ ಸಮತಟ್ಟಾಗಿ ಇಟ್ಟರೆ ತಲೆಮಾರು ಬಾಳುತ್ತದೆ. ಡಿಜಿಟಲ್ ವೇಗವಾಗಿದೆ, ಆದರೆ ಬೆಚ್ಚಗಾಗಲು ಸಮಯ ಬೇಕು, ಗಾಳಿಗೆ ಅಲುಗುತ್ತದೆ, ಬ್ಯಾಟರಿ ಇಳಿದಾಗ ಅಂಕಿ ತೇಲುತ್ತದೆ, ಹತ್ತಿರದ ಟ್ಯೂಬ್ ದೀಪವೋ ಮೊಬೈಲೋ ಅದನ್ನು ಕದಲಿಸಬಹುದು. ಒಂದು ಸಂಜೆ ಫ್ಯಾನ್ ನಿಲ್ಲಿಸಲು ಮರೆತು ತೂಗುತ್ತಿದ್ದೆ. ಅನುಮಾನ ಬಂದು ಪರೀಕ್ಷಾ ತೂಕ ಇಟ್ಟು ನೋಡಿದರೆ ಅಂಕಿ ಬೇರೆ. ಅಂದು ತುಂಬಿದ ನಲವತ್ತನ್ನೂ ಬಿಚ್ಚಿದೆ. ಬೇಸರವಾಯಿತು, ಆದರೆ ಆ ತೂಕದ ತುಣುಕು ಇಲ್ಲದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಹಾಗಾಗಿ ಯಾವ ಬಗೆಯ ತಕ್ಕಡಿಯಾದರೂ ಪರೀಕ್ಷಾ ತೂಕಗಳ ಸೆಟ್ ಒಂದನ್ನು ಜೊತೆಗೆ ಕೊಳ್ಳಿ. ನೀವು ಹಾಕುವ ಮದ್ದಿನ ತೂಕಕ್ಕೆ ಹತ್ತಿರವಿರುವ ತುಣುಕು ಅದರಲ್ಲಿರಬೇಕು. ತಕ್ಕಡಿಯ ಜೊತೆ ಬರುವ ದೊಡ್ಡ ತೂಕ ಒಂದೇ ಸಾಲದು. ಕೆಲಸದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಪರೀಕ್ಷಿಸಿ.

ಮದ್ದು ಸುರಿಯುವ ಅಳತೆಯಂತ್ರ ಬೇಕೇ?

ತುಸು ದಿನ ಕಳೆದ ಮೇಲೆ ಬೇಕು. ಪೌಡರ್ ಮೆಷರ್ ಎನ್ನುವ ಈ ಸಾಧನ ಮದ್ದನ್ನು ತೂಗುವುದಿಲ್ಲ, ಗಾತ್ರದಿಂದ ಅಳೆಯುತ್ತದೆ. ಗುಂಡನೆಯ ಅಥವಾ ಸಣ್ಣ ಚೂರಿನ ಮದ್ದು ಇದರಲ್ಲಿ ಸರಾಗವಾಗಿ ಹರಿಯುತ್ತದೆ. ಉದ್ದ ಕಡ್ಡಿಯಂಥ ಮದ್ದು ಅಡ್ಡಡ್ಡ ಸಿಕ್ಕಿಕೊಂಡು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬೀಳುತ್ತದೆ. ಅಂಥ ಮದ್ದಿಗೆ ಮೆಷರ್‌ನಿಂದ ಸ್ವಲ್ಪ ಕಡಿಮೆ ಸುರಿದುಕೊಂಡು, ತಕ್ಕಡಿಯ ಮೇಲಿಟ್ಟು, ಟ್ರಿಕ್ಲರ್ ಎಂಬ ಸಣ್ಣ ತಿರುಗುಕೊಳವೆಯಿಂದ ಕಾಳುಕಾಳಾಗಿ ಉದುರಿಸಿ ಸರಿಮಾಡುತ್ತಾರೆ.

ಇಲ್ಲಿನ ದೊಡ್ಡ ಭಯ ಒಂದೇ ಕೇಸ್‌ಗೆ ಎರಡು ಸಲ ಮದ್ದು ಬೀಳುವುದು. .38 ಸ್ಪೆಷಲ್ ಕೇಸ್ ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ, ಹೊಟ್ಟೆ ದೊಡ್ಡದು. ಈಗಿನ ವೇಗದ ಮದ್ದು ಅದರ ತಳದಲ್ಲಿ ಎಲ್ಲೋ ಕೂತಿರುತ್ತದೆ. ಎರಡು ಪಟ್ಟು ಬಿದ್ದರೂ ತುಂಬಿ ಚೆಲ್ಲುವುದಿಲ್ಲ, ಹಾರಿಸಿದಾಗ ಕೋವಿಯೇ ಸಿಡಿಯುತ್ತದೆ. ಆದ್ದರಿಂದ ಕೈಪಿಡಿಯಲ್ಲಿರುವ ಮದ್ದುಗಳಲ್ಲಿ ಕೇಸ್‌ನ ಅರ್ಧಕ್ಕಿಂತ ಹೆಚ್ಚು ತುಂಬುವ, ಎರಡು ಸಲ ಬಿದ್ದರೆ ಹೊರಚೆಲ್ಲುವಂಥದ್ದನ್ನು ಆರಿಸಿ. ಇದು ಖರ್ಚಿಲ್ಲದ ಅತ್ಯುತ್ತಮ ಸುರಕ್ಷಾ ಸಾಧನ. ಇದರ ಜೊತೆ ಐವತ್ತು ಕುಳಿಗಳ ಮರದ ಅಥವಾ ಪ್ಲಾಸ್ಟಿಕ್ಕಿನ ಲೋಡಿಂಗ್ ಬ್ಲಾಕ್, ಒಂದು ಒಳ್ಳೆಯ ದೀಪ. ಗುಂಡು ಕೂರಿಸುವ ಮೊದಲು ಬ್ಲಾಕಿನಲ್ಲಿ ನಿಂತ ಎಲ್ಲ ಕೇಸ್‌ಗಳೊಳಗೂ ಬೆಳಕು ಬಿಟ್ಟು ಮಟ್ಟ ನೋಡಿ. ಮದ್ದೇ ಬೀಳದ ಕೇಸ್ ಕೂಡ ಅಷ್ಟೇ ಅಪಾಯ. ಪ್ರೈಮರಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಒಡೆಯುತ್ತದೆ.

ಪ್ರೈಮರ್ ಕೂರಿಸಲು ಕೈಸಾಧನವೋ, ಪ್ರೆಸ್ಸೋ?

ಕೈಸಾಧನ. ಅಂಗೈಯಲ್ಲಿ ಹಿಡಿದು ಒತ್ತುವಾಗ ಪ್ರೈಮರ್ ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಸರಿಯಾಗಿ ಕೂತ ಪ್ರೈಮರ್ ಕೇಸ್‌ನ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರುತ್ತದೆ. ಬೆರಳು ಸವರಿದಾಗ ಉಬ್ಬು ತಗಲಬಾರದು.

ಗಾತ್ರದಲ್ಲಿ ಎರಡೇ ವ್ಯಾಸ, ಸಣ್ಣದು 0.175 ಅಂಗುಲ, ದೊಡ್ಡದು 0.210 ಅಂಗುಲ. ಆದರೆ ಪಿಸ್ತೂಲಿನದು ಬೇರೆ, ರೈಫಲಿನದು ಬೇರೆ. ದೊಡ್ಡ ರೈಫಲ್ ಪ್ರೈಮರ್ ಪಿಸ್ತೂಲಿನದಕ್ಕಿಂತ ಎತ್ತರ, ಲೋಹವೂ ದಪ್ಪ. ಅದಲುಬದಲು ಮಾಡಬೇಡಿ. ನಾಲ್ಕು ಭಾಗಗಳಲ್ಲಿ ಏಟು ಬಿದ್ದರೆ ಸಿಡಿಯುವುದು ಇದೊಂದೇ ಆದ್ದರಿಂದ ಈ ಹಂತದಲ್ಲಿ ರಕ್ಷಣಾ ಕನ್ನಡಕ ಕಡ್ಡಾಯ. ಮೂಲ ಪೊಟ್ಟಣದಿಂದ ತೆಗೆದು ಡಬ್ಬಿಯಲ್ಲಿ ಗುಡ್ಡೆ ಹಾಕಬೇಡಿ, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ.

ಕ್ಯಾಲಿಪರ್, ಟ್ರಿಮ್ಮರ್ ಇವೆಲ್ಲ ಮೊದಲ ದಿನವೇ ಬೇಕೇ?

ಕ್ಯಾಲಿಪರ್ ಬೇಕು. ಅಂಗುಲದ ಸಾವಿರದ ಒಂದು ಭಾಗವನ್ನು ಓದುವಂಥದ್ದು ಸಾಕು. ಕೇಸ್‌ನ ಉದ್ದ, ತೋಟಾದ ಒಟ್ಟು ಉದ್ದ ಎರಡನ್ನೂ ಅದರಲ್ಲೇ ನೋಡುವುದು. ಗುಂಡು ಬೇಕಾದ್ದಕ್ಕಿಂತ ಆಳಕ್ಕೆ ಕೂತರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಸಣ್ಣ ಪಿಸ್ತೂಲು ಕೇಸ್‌ಗಳಲ್ಲಂತೂ ಬೇಗ ಏರುತ್ತದೆ.

ಟ್ರಿಮ್ಮರ್ ರೈಫಲಿನವರಿಗೆ ಬೇಕು. ಹಾರಿಸಿ ಒತ್ತಿದ ಪ್ರತಿ ಸಲವೂ ಹಿತ್ತಾಳೆ ಕತ್ತಿನ ಕಡೆಗೆ ಹರಿದು ಕೇಸ್ ಉದ್ದವಾಗುತ್ತದೆ. ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ನಯಮಾಡುವ ಸಣ್ಣ ಸಾಧನವೂ ಜೊತೆಗಿರಲಿ. ನೇರ ಗೋಡೆಯ ಪಿಸ್ತೂಲು ಕೇಸ್‌ಗಳು ಉದ್ದವಾಗುವುದು ಅಪರೂಪ, ಪಿಸ್ತೂಲಿನವರು ಟ್ರಿಮ್ಮರ್ ಹಣವನ್ನು ಕೇಸ್ ಗೇಜ್‌ಗೆ ಹಾಕಲಿ. ತುಂಬಿದ ತೋಟಾವನ್ನು ಗೇಜ್‌ನೊಳಕ್ಕೆ ಬಿಟ್ಟರೆ ಚೇಂಬರಿಗೆ ಹೋಗುತ್ತದೋ ಇಲ್ಲವೋ ಎಂಬುದು ಕೋವಿ ಮುಟ್ಟದೆಯೇ ಗೊತ್ತಾಗುತ್ತದೆ.

ಕೇಸ್ ಹೊಳೆಯುವಂತೆ ತೊಳೆಯಬೇಕೇ?

ಹೊಳೆಯಬೇಕಾಗಿಲ್ಲ, ಶುಚಿಯಾಗಿದ್ದರೆ ಸಾಕು. ಮಣ್ಣಿನ ಕಣ ಡೈಯ ಒಳಗೋಡೆಯನ್ನು ಗೀಚುತ್ತದೆ, ಕೊಳೆಯಡಿ ಬಿರುಕು ಅಡಗುತ್ತದೆ. ಆರಂಭಕ್ಕೆ ಬಿಸಿನೀರು, ಸೋಪು, ಚೆನ್ನಾಗಿ ಒಣಗಿಸುವುದು ಸಾಕು. ಆಮೇಲೆ ಜೋಳದ ದಿಂಡಿನ ಅಥವಾ ವಾಲ್‌ನಟ್ ಚಿಪ್ಪಿನ ಪುಡಿಯಲ್ಲಿ ಅದುರಿಸುವ ಟಂಬ್ಲರ್ ಕೊಳ್ಳಬಹುದು.

ಒಂದು ಮಾತನ್ನು ಒತ್ತಿ ಹೇಳಬೇಕು. ಸಾಮಾನ್ಯ ಪ್ರೈಮರಿನಲ್ಲಿ ಸೀಸದ ಸಂಯುಕ್ತವಿದೆ. ಹಾರಿಸಿದ ಕೇಸ್‌ನ ಮಸಿಯಲ್ಲಿ, ಟಂಬ್ಲರಿನ ಧೂಳಿನಲ್ಲಿ ಸೀಸ ಇರುತ್ತದೆ. ಒಣ ಟಂಬ್ಲರನ್ನು ಮನೆಯೊಳಗೆ ತೆರೆಯಬೇಡಿ. ಕೈಗವಸು ಹಾಕಿಕೊಳ್ಳಿ, ಮೇಜಿನ ಬಳಿ ತಿನ್ನಬೇಡಿ, ಕುಡಿಯಬೇಡಿ, ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ಸೋಪು ಹಚ್ಚಿ ಕೈ ತೊಳೆಯಿರಿ. ಅಡುಗೆಮನೆಯ ತೊಟ್ಟಿಯಲ್ಲಿ ಕೇಸ್ ತೊಳೆಯಬೇಡಿ. ಸೀಸದ ವಿಷ ಎಲ್ಲರಿಗಿಂತ ಹೆಚ್ಚು ಕಾಡುವುದು ಚಿಕ್ಕ ಮಕ್ಕಳನ್ನು, ಅವರು ಈ ಕೋಣೆಗೆ ಬರಲೇಬಾರದು.

ಎಲ್ಲ ಸೇರಿದ ಕಿಟ್ ಕೊಳ್ಳುವುದು ಜಾಣತನವೇ?

ಸಿಂಗಲ್ ಸ್ಟೇಜ್ ಪ್ರೆಸ್, ತಕ್ಕಡಿ, ಪೌಡರ್ ಮೆಷರ್, ಪ್ರೈಮರ್ ಸಾಧನ, ಕೈಪಿಡಿ ಸೇರಿದ ಕಿಟ್ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಆದರೆ ಅಗ್ಗದ ಕಿಟ್‌ಗಳಲ್ಲಿ ತಕ್ಕಡಿಯೇ ದುರ್ಬಲ ಕೊಂಡಿಯಾಗಿರುವುದುಂಟು. ಡೈ, ಶೆಲ್ ಹೋಲ್ಡರ್, ಕ್ಯಾಲಿಪರ್ ಬಹುತೇಕ ಕಿಟ್‌ಗಳಲ್ಲಿ ಇರುವುದಿಲ್ಲ. ಪಟ್ಟಿಯನ್ನು ಹಂತಗಳ ಜೊತೆ ಹೋಲಿಸಿ ನೋಡಿ ನಿರ್ಧರಿಸಿ.

ಬಳಸಿದ ಸಲಕರಣೆ ಕೊಳ್ಳಬಹುದೇ?

ಪ್ರೆಸ್ ಖಂಡಿತ ಕೊಳ್ಳಬಹುದು. ಎರಕದ ಕಬ್ಬಿಣದ ಹಳೆಯ ಪ್ರೆಸ್ ಸವೆಯುವುದು ಬಲು ನಿಧಾನ. ಕೇಸನ್ನು ಮೇಲೆತ್ತುವ ಕಂಬ ಅಕ್ಕಪಕ್ಕ ಅಲುಗುತ್ತದೆಯೇ, ಡೈ ಕೂರುವ ತಿರುಪು ಕೆಟ್ಟಿದೆಯೇ ಎಂದು ನೋಡಿ. ಡೈಯೊಳಗೆ ತುಕ್ಕು, ಗೀರು ಇದ್ದರೆ ಬಿಡಿ. ಬೇರೆಯವರು ತೆರೆದ ಮದ್ದಿನ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ಬೇಡ. ಡಬ್ಬಿಯ ಮೇಲಿನ ಹೆಸರಿಗೂ ಒಳಗಿರುವ ಮದ್ದಿಗೂ ಸಂಬಂಧ ಇದೆ ಎಂಬುದಕ್ಕೆ ಯಾವ ಆಧಾರವೂ ಇರುವುದಿಲ್ಲ. ಬೇರೆಯವರು ತುಂಬಿದ ತೋಟಾಕ್ಕೂ ಇದೇ ಮಾತು.

ಎಷ್ಟು ಜಾಗ ಬೇಕು? ಮದ್ದನ್ನು ಎಲ್ಲಿಡಬೇಕು?

ಜಾಗ ಸಣ್ಣದಾದರೂ ನಡೆಯುತ್ತದೆ, ಮೇಜು ಅಲುಗಬಾರದು. ಪ್ರೆಸ್‌ನ ಹಿಡಿಕೆ ಎಳೆದಾಗ ಮೇಜು ಏಳುತ್ತಿದ್ದರೆ ಗೋಡೆಗೆ ಬಿಗಿಯಿರಿ. ಬೋಲ್ಟು ಹಲಗೆಯ ಪೂರ್ತಿ ದಪ್ಪ ದಾಟಿ ಕೆಳಗೆ ನಟ್ಟು ಹಾಕುವಂತಿರಲಿ, ಮರದ ತಿರುಪುಮೊಳೆ ಕಿತ್ತುಬರುತ್ತದೆ. ಕೋಣೆಯಲ್ಲಿ ಬೆಂಕಿ, ಸಿಗರೇಟು, ಹೀಟರ್, ಟಿವಿ ಇರಬಾರದು. ಟಿವಿ ಯಾಕೆಂದರೆ ಗಮನ ಕದಿಯುತ್ತದೆ.

ಹೊಗೆರಹಿತ ಮದ್ದು ತೆರೆದಲ್ಲಿ ವೇಗವಾಗಿ ಉರಿಯುತ್ತದೆ, ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಬೆಂಕಿ ತಗಲಿದರೆ ಒತ್ತಡ ಏರಿ ಸ್ಫೋಟವಾಗುತ್ತದೆ. ಆದ್ದರಿಂದ ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಬೀಗವಿರುವ ಮರದ ಕಪಾಟಿನಲ್ಲಿ ಇಡುವುದು ವಾಡಿಕೆ. ಪ್ರೈಮರ್‌ಗಳಿಗೆ ಬೇರೆ ಕಪಾಟು. ಎಷ್ಟು ಇಡಬಹುದೆಂಬ ಮಿತಿಯನ್ನು ನಿಮ್ಮ ಕಾನೂನು ಹೇಳುತ್ತದೆ. ಕೆಲಸದ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಮುಗಿದ ಕೂಡಲೇ ಮೆಷರ್ ಬರಿದುಮಾಡಿ ಅದೇ ಡಬ್ಬಿಗೆ ಹಿಂತಿರುಗಿಸಿ. ರಾತ್ರಿಯಿಡೀ ಮೆಷರ್‌ನಲ್ಲಿ ಬಿಟ್ಟ ಮದ್ದು ಯಾವುದು ಎಂದು ಬೆಳಿಗ್ಗೆ ನೆನಪಾಗದಿದ್ದರೆ ಮತ್ತೆ ಬಳಸುವಂತಿಲ್ಲ.

ತಪ್ಪಾಗಿ ತುಂಬಿದ ತೋಟಾ ಬಿಚ್ಚುವುದು ಹೇಗೆ?

ಸುತ್ತಿಗೆಯಾಕಾರದ ಪ್ಲಾಸ್ಟಿಕ್ ಬುಲೆಟ್ ಪುಲ್ಲರ್‌ನಲ್ಲಿ ತೋಟಾ ಸಿಕ್ಕಿಸಿ ಗಟ್ಟಿ ಮರದ ಮೇಲೆ ಬಡಿದರೆ ಗುಂಡು ತನ್ನ ಜಡತ್ವದಿಂದ ಹೊರಬರುತ್ತದೆ. ಕನ್ನಡಕ ಹಾಕಿಕೊಂಡೇ ಮಾಡಿ, ರಿಮ್‌ಫೈರ್ ತೋಟಾವನ್ನು ಮಾತ್ರ ಎಂದೂ ಅದರಲ್ಲಿಡಬೇಡಿ. ಹೆಚ್ಚು ತೋಟಾ ಬಿಚ್ಚುವುದಿದ್ದರೆ ಪ್ರೆಸ್‌ಗೆ ಹಾಕುವ, ಗುಂಡನ್ನು ಬಿಗಿಹಿಡಿದು ಎಳೆಯುವ ಕಾಲೆಟ್ ಪುಲ್ಲರ್ ಸುಲಭ. ಅರ್ಧ ಕೂತ ಪ್ರೈಮರನ್ನು ಮದ್ದು ತುಂಬಿದ ತೋಟಾದಲ್ಲಿ ಒತ್ತಿ ಸರಿಮಾಡುವ ಯೋಚನೆ ಬೇಡ. ಮೊದಲು ಬಿಚ್ಚಿ.

ಚರೆ ತೋಟಾಗಳಿಗೂ ಇದೇ ಪ್ರೆಸ್ ನಡೆಯುತ್ತದೆಯೇ?

ನಡೆಯುವುದಿಲ್ಲ. ಶಾಟ್‌ಗನ್ ತೋಟಾದ ಪ್ಲಾಸ್ಟಿಕ್ ಹೊದಿಕೆ, ಮದ್ದಿಗೂ ಚರೆಗೂ ನಡುವೆ ಕೂರುವ ವಾಡ್, ಚರೆ, ಬಾಯಿ ಮಡಿಸುವ ರೀತಿ ಎಲ್ಲವೂ ಬೇರೆ. ಅದಕ್ಕೇ ಆದ ಯಂತ್ರ, ಅದಕ್ಕೇ ಆದ ಕೈಪಿಡಿ ಬೇಕು. ಹೊದಿಕೆಯೋ ವಾಡೋ ಬದಲಾದರೂ ಒತ್ತಡ ಬದಲಾಗುವುದರಿಂದ ಅಲ್ಲಿ ಪಾಕವನ್ನು ಅಕ್ಷರಶಃ ಪಾಲಿಸಬೇಕು.

ಇದರಿಂದ ಹಣ ಉಳಿಯುತ್ತದೆಯೇ?

ಪ್ರತಿ ತೋಟಾಕ್ಕೆ ಲೆಕ್ಕ ಹಾಕಿದರೆ ದೊಡ್ಡ ರೈಫಲ್ ತೋಟಾಗಳಲ್ಲಿ, ಅಪರೂಪದ ಅಳತೆಯವುಗಳಲ್ಲಿ ಚೆನ್ನಾಗಿ ಉಳಿಯುತ್ತದೆ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ 9 ಎಂಎಂನಂಥವುಗಳಲ್ಲಿ ಉಳಿತಾಯ ಕಡಿಮೆ. ಹೆಚ್ಚಿನವರಿಗೆ ಆಗುವುದೇನೆಂದರೆ ಅದೇ ಖರ್ಚಿನಲ್ಲಿ ಹೆಚ್ಚು ಹಾರಿಸುತ್ತಾರೆ. ನಿಮ್ಮ ಕೋವಿಗೆ ಒಗ್ಗುವ ತೋಟಾವನ್ನು ನೀವೇ ಹುಡುಕಿಕೊಳ್ಳುವುದೇ ಈ ಕೆಲಸದ ನಿಜವಾದ ಆದಾಯ ಎಂದು ನಾನು ನಂಬುತ್ತೇನೆ.

ಮೊದಲ ಸಲ ಎಷ್ಟು ತುಂಬಬೇಕು?

ಹತ್ತು. ಪ್ರೈಮರ್, ಮದ್ದು ಇಲ್ಲದೆ ಒತ್ತಿದ ಕೇಸ್‌ಗೆ ಗುಂಡು ಮಾತ್ರ ಕೂರಿಸಿದ ಒಂದೆರಡು ಪೊಳ್ಳು ತೋಟಾಗಳನ್ನು ಮೊದಲು ಮಾಡಿ ಉದ್ದ ಅಳೆಯಿರಿ, ಗೇಜ್‌ನಲ್ಲಿ ನೋಡಿ. ಆಮೇಲೆ ಕೈಪಿಡಿಯ ಆರಂಭಿಕ ಅಳತೆಯಲ್ಲಿ, ಪ್ರತಿಯೊಂದನ್ನೂ ತೂಗಿ, ಹತ್ತು ತುಂಬಿ. ಪೆಟ್ಟಿಗೆಯ ಮೇಲೆ ದಿನಾಂಕ, ಕೇಸ್, ಪ್ರೈಮರ್, ಮದ್ದಿನ ಹೆಸರು ಮತ್ತು ತೂಕ, ಗುಂಡಿನ ತೂಕ, ಒಟ್ಟು ಉದ್ದ ಬರೆದು ಅಂಟಿಸಿ. ಅದನ್ನೇ ಒಂದು ಪುಸ್ತಕದಲ್ಲಿಯೂ ಬರೆಯಿರಿ. ಹಾರಿಸುವಾಗ ಸದ್ದು ಮಂಕಾಗಿ ಕೇಳಿದರೆ ಅಥವಾ ಒದೆತ ಕಡಿಮೆ ಅನ್ನಿಸಿದರೆ ಕೂಡಲೇ ನಿಲ್ಲಿಸಿ, ಕೋವಿ ಬರಿದುಮಾಡಿ, ನಳಿಗೆಯಲ್ಲಿ ಏನೂ ಸಿಕ್ಕಿಲ್ಲವೆಂದು ನೋಡಿದ ಮೇಲೆಯೇ ಮುಂದಿನದು. ಖಾಲಿ ಕೇಸ್‌ಗಳನ್ನು ಬೇರೆ ಚೀಲದಲ್ಲಿ ತಂದು, ಪ್ರೈಮರ್ ಚಪ್ಪಟೆಯಾಗಿದೆಯೇ, ಬುಡದಲ್ಲಿ ಗೆರೆ ಇದೆಯೇ ಎಂದು ದೀಪದಡಿ ಒಂದೊಂದಾಗಿ ಪರೀಕ್ಷಿಸಿ. ಹತ್ತೂ ಸರಿ ಇದ್ದರೆ ಮುಂದಿನ ಸಲ ಇಪ್ಪತ್ತು ತುಂಬಿ.